ಟಿಎಲ್‌ಎಸ್ ಹ್ಯಾಂಡ್‌ಶೇಕ್‌ಗೆ ಸರ್ವರ್‌ನಲ್ಲಿ ಬೇರೆ ಜಾಗ ಕೊಡಿ

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ನೀವೇ ಬರೆದ ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನಲ್ಲಿ ಡೇಟಾವನ್ನು ಗುಟ್ಟಾಗಿಡುವ ಪದರ) ಸರ್ವರ್ ಒಂದನ್ನು ಲ್ಯಾಪ್‌ಟಾಪ್‌ನಲ್ಲಿ, 8443ನೇ ಪೋರ್ಟ್‌ನಲ್ಲಿ ಓಡಿಸಿ. ಇನ್ನೊಂದು ಟರ್ಮಿನಲ್ ತೆರೆದು ನೆಟ್‌ಕ್ಯಾಟ್‌ನಿಂದ (ಬರೀ ಟಿಸಿಪಿ ಕನೆಕ್ಷನ್ ತೆರೆಯುವ ಸಣ್ಣ ಕಮಾಂಡ್) ಅದೇ ಪೋರ್ಟ್‌ಗೆ ಕನೆಕ್ಟ್ ಆಗಿ. ಏನೂ ಟೈಪ್ ಮಾಡಬೇಡಿ, ಸುಮ್ನೆ ಹಾಗೇ ಬಿಡಿ. ಈಗ ಬ್ರೌಸರ್‌ನಲ್ಲಿ ಆ ವಿಳಾಸ ತೆರೆಯಿರಿ. ಪುಟ ಬಂದರೆ ಒಳ್ಳೆಯದು. ಬರದೆ ಚಕ್ರ ಸುತ್ತುತ್ತಲೇ ಇದ್ದರೆ, ಯಾರೋ ಒಬ್ಬರು ಕನೆಕ್ಟ್ ಆಗಿ ಮಾತಾಡದೆ ಕೂತದ್ದಕ್ಕೆ ನಿಮ್ಮ ಇಡೀ ಸರ್ವರ್ ನಿಂತುಬಿಟ್ಟಿದೆ.

ಇಂಥ ಸರ್ವರ್‌ಗಳು ನೋಡೋಕೆ ಚೆನ್ನಾಗೇ ಇರುತ್ತವೆ. ಟೆಸ್ಟ್ ಎಲ್ಲ ಪಾಸ್ ಆಗಿರುತ್ತವೆ. ತೊಂದರೆ ಇರುವುದು ಹ್ಯಾಂಡ್‌ಶೇಕ್ (ಡೇಟಾ ಹರಿಯುವ ಮುಂಚೆ ಎರಡೂ ಕಡೆಯವರು ಗುರುತು, ಕೀ ಒಪ್ಪಿಕೊಳ್ಳುವ ಮಾತುಕತೆ) ಎಲ್ಲಿ ನಡೆಯುತ್ತದೆ ಅನ್ನುವುದರಲ್ಲಿ. ಉದಾಹರಣೆಗೆ ಪೈಥಾನ್ ಇಟ್ಟುಕೊಂಡಿದ್ದೇನೆ. ಗೋ ಮತ್ತು ಸಿ ಬರೆಯುವವರಿಗೆ ಬೇಕಾದದ್ದು ನಡುವೆ ಬರುತ್ತದೆ.

ಸಾಕೆಟ್ ಮೇಲೆ ಬರುವ ಮೊದಲ ಬೈಟ್‌ಗಳು

ಟಿಸಿಪಿ ಕನೆಕ್ಷನ್ ಆದಮೇಲೆ ಮೊದಲು ಮಾತಾಡಬೇಕಾದವರು ಕ್ಲೈಂಟ್. ಆ ಮೊದಲ ಸಂದೇಶದ ಹೆಸರು ಕ್ಲೈಂಟ್ ಹೆಲೋ. ಅದು ಒಂದು ಟಿಎಲ್‌ಎಸ್ ರೆಕಾರ್ಡ್ ಒಳಗೆ ಕೂತು ಬರುತ್ತದೆ. ರೆಕಾರ್ಡ್‌ನ ತಲೆಯಲ್ಲಿ 5 ಬೈಟ್: ಮೊದಲನೆಯದು ರೆಕಾರ್ಡ್‌ನ ಬಗೆ, ನಂತರದ ಎರಡು ವರ್ಷನ್, ಕೊನೆಯ ಎರಡು ಉದ್ದ. ಹ್ಯಾಂಡ್‌ಶೇಕ್ ಆದರೆ ಮೊದಲ ಬೈಟ್ 22. ವರ್ಷನ್ ಜಾಗದಲ್ಲಿ ಸಾಮಾನ್ಯವಾಗಿ 3, 1 ಎಂದು ಕಾಣುತ್ತದೆ. ಅದನ್ನು ನೋಡಿ ಕ್ಲೈಂಟ್ ಹಳೇ ಟಿಎಲ್‌ಎಸ್ 1.0 ಕೇಳುತ್ತಿದೆ ಅಂದುಕೊಳ್ಳಬೇಡಿ. ಹಳೇ ಉಪಕರಣಗಳು ಮುನಿಸಿಕೊಳ್ಳದಿರಲಿ ಎಂದು ಅಲ್ಲಿ ಹಳೇ ನಂಬರ್ ಬಿಟ್ಟಿದ್ದಾರೆ. ಟಿಎಲ್‌ಎಸ್ 1.3ರ ಕ್ಲೈಂಟ್ ತನಗೆ ಬರುವ ವರ್ಷನ್‌ಗಳ ಪಟ್ಟಿಯನ್ನು ಒಳಗೆ ಬೇರೊಂದು ಎಕ್ಸ್‌ಟೆನ್ಶನ್‌ನಲ್ಲಿ ಕೊಡುತ್ತದೆ.

ಆ ಮೊದಲ ಬೈಟ್ 22ರ ಬದಲು 71 ಆಗಿದ್ದರೆ? ಅದು ಇಂಗ್ಲಿಷಿನ ಜಿ ಅಕ್ಷರ. ಹಿಂದೆಯೇ 69, 84 ಬಂದರೆ 'ಗೆಟ್' ಅಂತಾಯಿತು. ಯಾರೋ ಎಚ್‌ಟಿಟಿಪಿಎಸ್ ಪೋರ್ಟ್‌ಗೆ ಬರೀ ಎಚ್‌ಟಿಟಿಪಿಯಲ್ಲಿ ಮಾತಾಡುತ್ತಿದ್ದಾರೆ. ಇಂಟರ್ನೆಟ್‌ಗೆ ತೆರೆದಿಟ್ಟ ಪೋರ್ಟ್‌ನಲ್ಲಿ ಇದನ್ನು ದಿನಾ ನೋಡುತ್ತೀರಿ.

ಆಮೇಲಿನ ಮಾತುಕತೆ ಚಿಕ್ಕದು. ಸರ್ವರ್ ತನ್ನ ಹೆಲೋ, ಸರ್ಟಿಫಿಕೇಟ್, ಸಹಿ ಕಳಿಸುತ್ತದೆ. ಕ್ಲೈಂಟ್ ಅದನ್ನು ಪರೀಕ್ಷಿಸಿ 'ಫಿನಿಶ್ಡ್' ಅನ್ನುತ್ತದೆ. 2008ರ ಟಿಎಲ್‌ಎಸ್ 1.2ರಲ್ಲಿ ಇದಕ್ಕೆ ಎರಡು ಸಲ ಹೋಗಿ ಬರಬೇಕು. 2018ರ 1.3ರಲ್ಲಿ ಒಂದೇ ಸಲ. ಸರ್ವರ್ ಅಮೆರಿಕದಲ್ಲಿದ್ದು ಬಳಸುವವರು ಬೆಂಗಳೂರಿನಲ್ಲಿದ್ದರೆ ಒಂದು ಸಲ ಹೋಗಿ ಬರಲು 200 ಮಿಲಿಸೆಕೆಂಡ್ ಆಸುಪಾಸು ಬೇಕು. ಹಾಗಾಗಿ ಈ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕ್ಲೈಂಟ್ ಹೆಲೋ ಒಂದೇ ಸಲದ ಓದಿನಲ್ಲಿ ಪೂರ್ತಿ ಸಿಗುತ್ತದೆ ಎಂದು ನಂಬಬೇಡಿ. ಬಹಳ ವರ್ಷ ಹಾಗೇ ಸಿಗುತ್ತಿತ್ತು, ಅದಕ್ಕೇ ಜನ ನಂಬಿದ್ದರು. 2024ರ ಏಪ್ರಿಲ್‌ನಲ್ಲಿ ಬಂದ ಕ್ರೋಮ್ 124, ಕ್ವಾಂಟಮ್ ಕಂಪ್ಯೂಟರ್‌ಗೂ ಜಗ್ಗದ ಹೊಸ ಬಗೆಯ ಕೀ ವಿನಿಮಯವನ್ನು ತಾನಾಗಿಯೇ ಬಳಸಲು ಶುರುಮಾಡಿತು. ಆ ಕೀ ಒಂದೇ 1184 ಬೈಟ್. ಈಥರ್ನೆಟ್ ಪ್ಯಾಕೆಟ್‌ನ ಮಿತಿ 1500. ಉಳಿದ ಎಕ್ಸ್‌ಟೆನ್ಶನ್‌ಗಳೂ ಸೇರಿ ಕ್ಲೈಂಟ್ ಹೆಲೋ ಎರಡು ಪ್ಯಾಕೆಟ್‌ಗೆ ಹರಿದುಹೋಯಿತು. ಮೊದಲ ತುಂಡನ್ನಷ್ಟೇ ಓದಿ ಇಷ್ಟೇ ಅಂದುಕೊಂಡಿದ್ದ ಸರ್ವರ್‌ಗಳು, ಫೈರ್‌ವಾಲ್‌ಗಳು ಕನೆಕ್ಷನ್ ಕಡಿದುಹಾಕಿದವು. ನೀವು ಒಳ್ಳೆ ಲೈಬ್ರರಿ ಬಳಸುತ್ತಿದ್ದರೆ ಈ ಚಿಂತೆ ಅದರದ್ದು. ಆದರೆ ಡೊಮೇನ್ ಹೆಸರು ತಿಳಿಯಲು ನೀವೇ ಮೊದಲ ಬೈಟ್‌ಗಳನ್ನು ಇಣುಕಿ ನೋಡುವ ಕೋಡ್ ಬರೆದಿದ್ದರೆ, ಇವತ್ತೇ ಅದನ್ನು ತೆಗೆದು ನೋಡಿ.

ಹಂತ 1: ಹ್ಯಾಂಡ್‌ಶೇಕ್ ಅನ್ನು ಆಕ್ಸೆಪ್ಟ್ ಲೂಪ್‌ನಿಂದ ಹೊರಗೆ ಹಾಕಿ

ಪೈಥಾನ್‌ನಲ್ಲಿ ಹೆಚ್ಚಿನವರು ಬರೆಯುವುದು ಹೀಗೆ. ಲಿಸನ್ ಮಾಡುವ ಸಾಕೆಟ್ ಮಾಡುತ್ತಾರೆ. ಅದನ್ನೇ ಟಿಎಲ್‌ಎಸ್ ಕಾಂಟೆಕ್ಸ್ಟ್‌ನ ರ‍್ಯಾಪ್_ಸಾಕೆಟ್‌ಗೆ ಕೊಟ್ಟು ಸುತ್ತುತ್ತಾರೆ. ಆಮೇಲೆ ಲೂಪ್‌ನಲ್ಲಿ ಆಕ್ಸೆಪ್ಟ್ ಕರೆದು, ಬಂದ ಪ್ರತಿ ಕನೆಕ್ಷನ್‌ಗೆ ಒಂದು ಥ್ರೆಡ್ ಕೊಡುತ್ತಾರೆ. ಥ್ರೆಡ್ ಇದೆಯಲ್ಲ, ಇನ್ನೇನು ತೊಂದರೆ ಅನಿಸುತ್ತದೆ, ಅಲ್ವಾ?

ತೊಂದರೆ ಆಕ್ಸೆಪ್ಟ್ ಒಳಗೇ ಇದೆ. ಸುತ್ತಿದ ಸಾಕೆಟ್‌ನ ಆಕ್ಸೆಪ್ಟ್ ಬರೀ ಟಿಸಿಪಿ ಕನೆಕ್ಷನ್ ತೆಗೆದುಕೊಂಡು ವಾಪಸ್ ಬರುವುದಿಲ್ಲ. ಹ್ಯಾಂಡ್‌ಶೇಕ್ ಪೂರ್ತಿ ಮುಗಿಸಿಯೇ ಬರುತ್ತದೆ. ಡು_ಹ್ಯಾಂಡ್‌ಶೇಕ್_ಆನ್_ಕನೆಕ್ಟ್ ಎಂಬ ಆಯ್ಕೆಯ ಡಿಫಾಲ್ಟ್ 'ಹೌದು'. ಅಂದರೆ ಥ್ರೆಡ್ ಹುಟ್ಟುವ ಮೊದಲೇ, ಮುಖ್ಯ ಲೂಪ್‌ನಲ್ಲಿ ಹ್ಯಾಂಡ್‌ಶೇಕ್ ನಡೆಯುತ್ತದೆ. ಬಸ್ಸಿನ ಮೆಟ್ಟಿಲ ಮೇಲೆ ಒಬ್ಬರು ಚಿಲ್ಲರೆ ಹುಡುಕುತ್ತಾ ನಿಂತರೆ ಹಿಂದಿನ ಸಾಲೆಲ್ಲ ರಸ್ತೆಯಲ್ಲೇ ಉಳಿಯುವ ಹಾಗೆ.

ಲಿಸನ್ ಸಾಕೆಟ್‌ಗೆ ಟೈಮ್‌ಔಟ್ ಹಾಕಿದರೆ ಸರಿಹೋಗುತ್ತದೆ ಅಂತ ಹಲವರು ಅಲ್ಲೇ ತೇಪೆ ಹಾಕುತ್ತಾರೆ. ಆಗುವುದಿಲ್ಲ. ಆ ಟೈಮ್‌ಔಟ್ ಹೊಸ ಕನೆಕ್ಷನ್‌ಗಾಗಿ ಕಾಯುವುದಕ್ಕೆ ಮಾತ್ರ. ಆಕ್ಸೆಪ್ಟ್‌ನಿಂದ ಹುಟ್ಟಿದ ಹೊಸ ಸಾಕೆಟ್‌ಗೆ ಅದು ಬರುವುದಿಲ್ಲ, ಅದು ಬ್ಲಾಕಿಂಗ್ ಆಗಿಯೇ ಹುಟ್ಟುತ್ತದೆ. ಇನ್ನೂ ಒಂದು: ಹ್ಯಾಂಡ್‌ಶೇಕ್ ಕೆಟ್ಟರೆ ಎಕ್ಸೆಪ್ಶನ್ ಆಕ್ಸೆಪ್ಟ್‌ನಿಂದಲೇ ಏಳುತ್ತದೆ. ಅಲ್ಲಿ ಹಿಡಿಯದಿದ್ದರೆ ಯಾರೋ ಸ್ಕ್ಯಾನರ್ ಕಳಿಸಿದ ಕಸಕ್ಕೆ ನಿಮ್ಮ ಸರ್ವರ್ ಸತ್ತುಹೋಗುತ್ತದೆ.

ಸರಿಯಾದ ಜೋಡಣೆ ಇದು. ಲಿಸನ್ ಸಾಕೆಟ್ ಅನ್ನು ಸುತ್ತಬೇಡಿ, ಬರೀ ಟಿಸಿಪಿಯಾಗಿಯೇ ಇಡಿ. ಆಕ್ಸೆಪ್ಟ್ ಕೊಟ್ಟ ಬರಿಯ ಸಾಕೆಟ್ ಅನ್ನು ಕೂಡಲೇ ಕೆಲಸದ ಥ್ರೆಡ್‌ಗೆ ದಾಟಿಸಿ. ಥ್ರೆಡ್ ಒಳಗೆ ಈ ಕ್ರಮದಲ್ಲಿ ಮಾಡಿ:

1. ಸೆಟ್‌ಟೈಮ್‌ಔಟ್ ಕರೆದು 10 ಸೆಕೆಂಡ್ ಇಡಿ.
2. ರ‍್ಯಾಪ್_ಸಾಕೆಟ್ ಕರೆಯಿರಿ. ಸರ್ವರ್_ಸೈಡ್ 'ಹೌದು', ಡು_ಹ್ಯಾಂಡ್‌ಶೇಕ್_ಆನ್_ಕನೆಕ್ಟ್ 'ಇಲ್ಲ'.
3. ಡು_ಹ್ಯಾಂಡ್‌ಶೇಕ್ ಅನ್ನು ನೀವೇ ಕರೆಯಿರಿ.
4. ಮುಗಿದ ಮೇಲೆ, ಮುಂದಿನ ಓದುಬರಹಕ್ಕೆ ತಕ್ಕ ಬೇರೆ ಟೈಮ್‌ಔಟ್ ಹಾಕಿ.

ಎರಡು ಮತ್ತು ಮೂರನ್ನು ಒಂದೇ ಟ್ರೈ ಒಳಗೆ ಇಡಿ. ಫೈನಲಿಯಲ್ಲಿ ಕ್ಲೋಸ್ ಇರಲಿ. ಸುತ್ತಿದ ಮೇಲೆ ಹಳೇ ಸಾಕೆಟ್ ಆಬ್ಜೆಕ್ಟ್ ಖಾಲಿ ಡಬ್ಬ. ಅದನ್ನು ಕ್ಲೋಸ್ ಮಾಡಿದರೆ ಏನೂ ಆಗುವುದಿಲ್ಲ, ಹೊಸದನ್ನೇ ಮಾಡಬೇಕು. ಇದನ್ನು ಮರೆತ ಸರ್ವರ್‌ನಲ್ಲಿ ಕೆಟ್ಟ ಕನೆಕ್ಷನ್‌ಗಳು ಒಂದೊಂದಾಗಿ ಸೋರಿ, ಒಂದು ದಿನ ಫೈಲ್ ಡಿಸ್ಕ್ರಿಪ್ಟರ್ (ತೆರೆದ ಪ್ರತಿ ಸಾಕೆಟ್‌ಗೆ ಓಎಸ್ ಕೊಡುವ ನಂಬರ್) ಮುಗಿಯಿತು ಎಂಬ ದೂರು ಬರುತ್ತದೆ.

ಪೈಥಾನ್ ಹಳೆಯದಾಗಿದ್ದರೆ ಮೊದಲು ಅದನ್ನು ಏರಿಸಿ. 2023ರ ಆಗಸ್ಟ್‌ನಲ್ಲಿ ಇದೇ ಜಾಗದ ಒಂದು ತೂತು ಮುಚ್ಚಿದ್ದಾರೆ. ಕ್ಲೈಂಟ್ ಒಂದಿಷ್ಟು ಡೇಟಾ ಕಳಿಸಿ ತಕ್ಷಣ ಕನೆಕ್ಷನ್ ಕಡಿದರೆ, ಸರ್ವರ್ ಹ್ಯಾಂಡ್‌ಶೇಕ್ ಮಾಡದೆಯೇ ಆ ಡೇಟಾವನ್ನು ನಂಬಿ ಓದಿಬಿಡುವ ಸಾಧ್ಯತೆ ಇತ್ತು. 3.11 ಬಳಸುವವರು 3.11.5 ಅಥವಾ ಅದಕ್ಕಿಂತ ಮುಂದೆ ಇರಬೇಕು.

ಅಸಿಂಕ್‌ಐಒ (ಒಂದೇ ಲೂಪ್‌ನಲ್ಲಿ ಹಲವು ಕನೆಕ್ಷನ್ ನೋಡಿಕೊಳ್ಳುವ ಪೈಥಾನ್ ಲೈಬ್ರರಿ) ಬಳಸುತ್ತಿದ್ದರೆ ಈ ಜೋಡಣೆ ಆಗಲೇ ಸಿಕ್ಕಿರುತ್ತದೆ. ಹ್ಯಾಂಡ್‌ಶೇಕ್ ಮುಗಿದ ಮೇಲಷ್ಟೇ ನಿಮ್ಮ ಹ್ಯಾಂಡ್ಲರ್‌ಗೆ ಕರೆ ಬರುತ್ತದೆ. ಅಲ್ಲಿ ನೋಡಬೇಕಾದದ್ದು ಎಸ್‌ಎಸ್‌ಎಲ್_ಹ್ಯಾಂಡ್‌ಶೇಕ್_ಟೈಮ್‌ಔಟ್. ಡಿಫಾಲ್ಟ್ 60 ಸೆಕೆಂಡ್. ನನ್ನ ಪ್ರಕಾರ ಅದು ಜಾಸ್ತಿಯಾಯಿತು.

ಗೋದಲ್ಲಿ ಕಥೆ ಉಲ್ಟಾ. ಅಲ್ಲಿ ಟಿಎಲ್‌ಎಸ್ ಲಿಸನರ್‌ನ ಆಕ್ಸೆಪ್ಟ್ ಹ್ಯಾಂಡ್‌ಶೇಕ್ ಮಾಡುವುದೇ ಇಲ್ಲ. ಮೊದಲ ಸಲ ಓದುವಾಗ ಅಥವಾ ಬರೆಯುವಾಗ ತಾನಾಗಿ ನಡೆಯುತ್ತದೆ. ಅದಕ್ಕೆ ಮುಂಚೆಯೇ ಕನೆಕ್ಷನ್‌ಸ್ಟೇಟ್ ಕೇಳಿದರೆ ಕ್ಲೈಂಟ್ ಸರ್ಟಿಫಿಕೇಟ್ ಇಲ್ಲ, ಪ್ರೋಟೋಕಾಲ್ ಹೆಸರೂ ಇಲ್ಲ, ಎಲ್ಲ ಖಾಲಿ. 1.17ರಿಂದ ಹ್ಯಾಂಡ್‌ಶೇಕ್‌ಕಾಂಟೆಕ್ಸ್ಟ್ ಇದೆ. ಗೋರೂಟೀನ್‌ನ (ಗೋದ ಹಗುರ ಥ್ರೆಡ್) ಮೊದಲ ಸಾಲಿನಲ್ಲೇ ಅವಧಿ ಹಾಕಿದ ಕಾಂಟೆಕ್ಸ್ಟ್ ಕೊಟ್ಟು ಅದನ್ನು ಕರೆದುಬಿಡಿ.

ಹಂತ 2: ಗಡುವು ಇಡಿ, ಇಡೀ ಹ್ಯಾಂಡ್‌ಶೇಕ್‌ಗೆ ಒಂದೇ

ಬೇರೆ ಥ್ರೆಡ್‌ಗೆ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 50 ಥ್ರೆಡ್‌ಗಳ ಪೂಲ್ ಇದ್ದರೆ, ಮೌನವಾಗಿ ಕೂರುವ 50 ಕ್ಲೈಂಟ್ ಸಾಕು ಅದನ್ನು ತುಂಬಿಸಲು. ಗಡುವು ಬೇಕೇ ಬೇಕು.

ಆದರೆ ಗಡುವುಗಳಲ್ಲಿ ಎರಡು ಬಗೆ. ಪ್ರತಿ ಓದಿಗೆ 10 ಸೆಕೆಂಡ್ ಅನ್ನುವುದು ಒಂದು. ಇಡೀ ಹ್ಯಾಂಡ್‌ಶೇಕ್‌ಗೆ 10 ಸೆಕೆಂಡ್ ಅನ್ನುವುದು ಇನ್ನೊಂದು. ಮೊದಲನೆಯದನ್ನು ಇಟ್ಟರೆ, ಕಿತಾಪತಿ ಮಾಡುವವರು 9 ಸೆಕೆಂಡಿಗೆ ಒಂದು ಬೈಟ್ ಕಳಿಸುತ್ತಾ ಗಂಟೆಗಟ್ಟಲೆ ಜಾಗ ಹಿಡಿಯಬಹುದು. ಪೈಥಾನ್ 3.5ರಿಂದ ಸಾಕೆಟ್ ಟೈಮ್‌ಔಟ್ ಇಡೀ ಡು_ಹ್ಯಾಂಡ್‌ಶೇಕ್‌ಗೆ ಲೆಕ್ಕ, ಬೈಟ್ ಬಂದಾಗಲೆಲ್ಲ ಹೊಸದಾಗಿ ಎಣಿಸುವುದಿಲ್ಲ. ಸಿಯಲ್ಲಿ ಸಾಕೆಟ್‌ನ ರಿಸೀವ್ ಟೈಮ್‌ಔಟ್ ಆಯ್ಕೆ ಹಾಕಿ ಸುಮ್ಮನಾದರೆ ಮೊದಲ ಬಗೆಯೇ ಸಿಗುವುದು. ಅಲ್ಲಿ ಶುರುವಾದ ಹೊತ್ತನ್ನು ಬರೆದಿಟ್ಟುಕೊಂಡು ನೀವೇ ಲೆಕ್ಕ ಹಾಕಬೇಕು.

10 ಸೆಕೆಂಡ್ ಎಲ್ಲಿಂದ ಬಂತು? ಯಾವ ಸ್ಟ್ಯಾಂಡರ್ಡ್‌ನಲ್ಲೂ ಇಲ್ಲ, ನನ್ನ ಅಂದಾಜು. ಶಿರಾಡಿ ಘಾಟಿಯಲ್ಲಿ ಬಸ್ಸಿನಲ್ಲಿ ಕೂತವರ ಫೋನ್ ಕೂಡ ನಿಮ್ಮ ಕ್ಲೈಂಟೇ. ಒಂದೆರಡು ಪ್ಯಾಕೆಟ್ ಕಳೆದು ಮತ್ತೆ ಕಳಿಸಲು ಹೊತ್ತು ಬೇಕು, ಆದ್ದರಿಂದ 2 ಸೆಕೆಂಡ್ ಇಡಬೇಡಿ. ನಿಮ್ಮದೇ ಡೇಟಾ ಸೆಂಟರ್ ಒಳಗಿನ ಸರ್ವೀಸ್‌ಗಳ ನಡುವೆ ಆದರೆ 2 ಧಾರಾಳ ಸಾಕು.

ಗೋದ ಎಚ್‌ಟಿಟಿಪಿ ಸರ್ವರ್‌ಗೆ ಹ್ಯಾಂಡ್‌ಶೇಕ್ ಗಡುವು ಅಂತ ಬೇರೆ ಆಯ್ಕೆ ಇಲ್ಲ. ರೀಡ್‌ಹೆಡರ್‌ಟೈಮ್‌ಔಟ್, ರೀಡ್‌ಟೈಮ್‌ಔಟ್, ರೈಟ್‌ಟೈಮ್‌ಔಟ್ ಮೂರರಲ್ಲಿ ನೀವು ಇಟ್ಟ ಕಡಿಮೆಯದನ್ನು ಅದು ತೆಗೆದುಕೊಳ್ಳುತ್ತದೆ. ಮೂರನ್ನೂ ಖಾಲಿ ಬಿಟ್ಟರೆ ಗಡುವೇ ಇಲ್ಲ.

ಹಂತ 3: ನಾನ್-ಬ್ಲಾಕಿಂಗ್ ಬರೆಯುವವರಿಗೆ

ಓಪನ್‌ಎಸ್‌ಎಸ್‌ಎಲ್ (ಸಿಯ ಟಿಎಲ್‌ಎಸ್ ಲೈಬ್ರರಿ) ಮತ್ತು ಈಪೋಲ್ (ಯಾವ ಸಾಕೆಟ್ ಸಿದ್ಧವಿದೆ ಎಂದು ಹೇಳುವ ಲಿನಕ್ಸ್ ಸೌಲಭ್ಯ) ಜೋಡಿಸಿ ಬರೆಯುವವರು ಕಡಿಮೆ. ಉಳಿದವರು ಮುಂದಿನ ಹಂತಕ್ಕೆ ಹೋಗಬಹುದು.

ಎಸ್‌ಎಸ್‌ಎಲ್_ಆಕ್ಸೆಪ್ಟ್ 1 ಕೊಟ್ಟರೆ ಮುಗಿಯಿತು. ಇಲ್ಲದಿದ್ದರೆ ಎಸ್‌ಎಸ್‌ಎಲ್_ಗೆಟ್_ಎರರ್ ಕೇಳಿ. ವಾಂಟ್_ರೀಡ್ ಅಂದರೆ ಓದಲು ಬರುವವರೆಗೆ ಕಾಯಿರಿ, ವಾಂಟ್_ರೈಟ್ ಅಂದರೆ ಬರೆಯಲು ಆಗುವವರೆಗೆ ಕಾಯಿರಿ. ಎರಡೂ ದೋಷವಲ್ಲ. ಕಾದು ಅದೇ ಫಂಕ್ಷನ್ ಮತ್ತೆ ಕರೆಯಿರಿ. ಹ್ಯಾಂಡ್‌ಶೇಕ್‌ನಲ್ಲಿ ಓದುವುದೇ ಜಾಸ್ತಿ ಅಂತ ವಾಂಟ್_ರೈಟ್ ಬಿಟ್ಟುಬಿಡುವವರಿದ್ದಾರೆ. ಉದ್ದನೆಯ ಸರ್ಟಿಫಿಕೇಟ್ ಸರಪಳಿ ಇದ್ದು ಸಾಕೆಟ್ ಬಫರ್ ತುಂಬಿದ ದಿನ ಅದು ಬಂದೇ ಬರುತ್ತದೆ.

ಪ್ರತಿ ಕರೆಗೆ ಮುಂಚೆ ಇಆರ್‌ಆರ್_ಕ್ಲಿಯರ್_ಎರರ್ ಕರೆಯಿರಿ. ಓಪನ್‌ಎಸ್‌ಎಸ್‌ಎಲ್ ದೋಷಗಳ ಸಾಲನ್ನು ಥ್ರೆಡ್‌ಗೆ ಒಂದರಂತೆ ಇಡುತ್ತದೆ, ಕನೆಕ್ಷನ್‌ಗೆ ಒಂದರಂತೆ ಅಲ್ಲ. ಹಿಂದಿನ ಕನೆಕ್ಷನ್ ಬಿಟ್ಟುಹೋದ ದೋಷ ಅಲ್ಲೇ ಉಳಿದರೆ, ಏನೂ ತಪ್ಪಿಲ್ಲದ ಮುಂದಿನ ಕನೆಕ್ಷನ್ ಸಾಯುತ್ತದೆ. ಹುಡುಕಲು ಹೊರಟರೆ ತಲೆ ಕೆಡಿಸುವ ಬಗ್ ಇದು.

ಎಡ್ಜ್-ಟ್ರಿಗರ್ಡ್ (ಹೊಸ ಡೇಟಾ ಬಂದಾಗ ಒಮ್ಮೆ ಮಾತ್ರ ಹೇಳುವ) ಈಪೋಲ್ ಇದ್ದರೆ, ಹ್ಯಾಂಡ್‌ಶೇಕ್ ಮುಗಿದ ಕೂಡಲೇ ಒಮ್ಮೆ ಓದಿ ನೋಡಿ. ಕ್ಲೈಂಟ್‌ನ ಫಿನಿಶ್ಡ್ ಜೊತೆಗೇ ಮೊದಲ ರಿಕ್ವೆಸ್ಟ್ ಕೂಡ ಒಂದೇ ಪ್ಯಾಕೆಟ್‌ನಲ್ಲಿ ಬಂದಿರಬಹುದು. ಆಗ ಹೊಸ ಸೂಚನೆ ಮತ್ತೆ ಬರುವುದಿಲ್ಲ. ನೀವು ಕಾಯುತ್ತೀರಿ, ಕ್ಲೈಂಟೂ ಕಾಯುತ್ತದೆ.

ಸಿಗ್‌ಪೈಪ್ ಸಿಗ್ನಲ್ ಅನ್ನು ಕಡೆಗಣಿಸಲು ಹೇಳುವುದೂ ಬೇಕು. ಟಿಎಲ್‌ಎಸ್ 1.3ರಲ್ಲಿ ಓಪನ್‌ಎಸ್‌ಎಸ್‌ಎಲ್ ಸರ್ವರ್ ಹ್ಯಾಂಡ್‌ಶೇಕ್ ತುದಿಯಲ್ಲಿ ಎರಡು ಸೆಷನ್ ಟಿಕೆಟ್ (ಮುಂದಿನ ಸಲ ಬೇಗ ಸೇರಲು ಕೊಡುವ ಚೀಟಿ) ಕಳಿಸುತ್ತದೆ. ಅಷ್ಟರಲ್ಲಿ ಕ್ಲೈಂಟ್ ಹೊರಟುಹೋಗಿದ್ದರೆ ಆ ಬರಹಕ್ಕೆ ಸಿಗ್‌ಪೈಪ್ ಬಂದು ಪ್ರೋಸೆಸ್ಸೇ ಮುಗಿಯಬಹುದು.

ಹಂತ 4: ಸೋತ ಹ್ಯಾಂಡ್‌ಶೇಕ್‌ಗಳನ್ನು ಬೇರೆ ಬೇರೆ ಎಣಿಸಿ

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು. ಹೆಚ್ಚಿನ ಸರ್ವರ್‌ಗಳು 'ಹ್ಯಾಂಡ್‌ಶೇಕ್ ಎರರ್' ಅಂತ ಒಂದೇ ಸಾಲು ಬರೆಯುತ್ತವೆ. ದಿನಕ್ಕೆ ಸಾವಿರ ಸಾಲು ಬಂದಾಗ ಯಾರೂ ಓದುವುದಿಲ್ಲ. ಕೊನೆಗೆ ಯಾರೋ ಆ ಲಾಗನ್ನೇ ಆಫ್ ಮಾಡುತ್ತಾರೆ. ಅದರೊಳಗೆ ನಿಜಕ್ಕೂ ಓದಬೇಕಾದ ಒಂದು ಬಗೆ ಇರುತ್ತದೆ, ಅದೂ ಕಸದ ಜೊತೆ ಹೋಗುತ್ತದೆ.

ಪೈಥಾನ್‌ನಲ್ಲಿ ಓಎಸ್‌ಎರರ್ ಹಿಡಿದರೆ ಟೈಮ್‌ಔಟ್, ರೀಸೆಟ್, ಎಸ್‌ಎಸ್‌ಎಲ್‌ಎರರ್ ಎಲ್ಲವೂ ಸಿಗುತ್ತವೆ. ಎಸ್‌ಎಸ್‌ಎಲ್‌ಎರರ್‌ನ ರೀಸನ್ ಎಂಬ ಗುಣದಲ್ಲಿ ಕಾರಣ ಇರುತ್ತದೆ. ಅದನ್ನು ನೋಡಿ ಹೀಗೆ ವಿಂಗಡಿಸಿ.

ಒಂದು ಬೈಟೂ ಬರದೆ ಕಡಿದುಹೋದದ್ದು. ಹೆಚ್ಚಾಗಿ ಲೋಡ್ ಬ್ಯಾಲೆನ್ಸರ್‌ನ ಹೆಲ್ತ್ ಚೆಕ್. ಬರೀ ಟಿಸಿಪಿ ಮಟ್ಟದಲ್ಲಿ ಕನೆಕ್ಟ್ ಆಗಿ, ಬಾಗಿಲು ತೆರೆದಿದೆ ಅಂತ ತಿಳಿದು ಹೋಗುತ್ತದೆ. ಗೋದಲ್ಲಿ ಹ್ಯಾಂಡ್‌ಶೇಕ್ ಎರರ್ ಸಾಲಿನ ತುದಿಯಲ್ಲಿ ಇಒಎಫ್ (ಡೇಟಾ ಮುಗಿಯಿತು) ಅಂತ ಕಾಣುವುದು ಇದೇ. ಎಣಿಸಿ, ಲಾಗ್ ಬೇಡ.

ಟಿಎಲ್‌ಎಸ್ ಅಲ್ಲದ್ದು. ಎಚ್‌ಟಿಟಿಪಿ_ರಿಕ್ವೆಸ್ಟ್ ಎಂಬ ಕಾರಣ ಬಂದರೆ ಮೇಲೆ ಹೇಳಿದ 71, 69, 84. ನಿಮ್ಮದೇ ಯಾವುದೋ ಸರ್ವೀಸ್‌ನ ಕಾನ್ಫಿಗ್‌ನಲ್ಲಿ ವಿಳಾಸ ತಪ್ಪಿರಲೂಬಹುದು, ಹಾಗಾಗಿ ಐಪಿ ನೋಡಿ. ಒಳಗಿನ ಐಪಿ ಆದರೆ ಸರಿಪಡಿಸಿ, ಹೊರಗಿನದಾದರೆ ಬಿಡಿ.

ವರ್ಷನ್ ಅಥವಾ ಸೈಫರ್ (ಡೇಟಾ ಗುಟ್ಟಾಗಿಸುವ ವಿಧಾನ) ಹೊಂದದ್ದು. ಟಿಎಲ್‌ಎಸ್ 1.0 ಮತ್ತು 1.1 ಬೇಡ ಎಂದು 2021ರ ಮಾರ್ಚ್‌ನಲ್ಲೇ ಅಧಿಕೃತವಾಗಿ ಆಗಿದೆ. ಪೈಥಾನ್ 3.10ರಿಂದ ಡಿಫಾಲ್ಟ್ ಕನಿಷ್ಠ 1.2. ಆಂಡ್ರಾಯ್ಡ್ 5ಕ್ಕಿಂತ ಹಳೇ ಫೋನ್‌ಗಳು ಇಲ್ಲಿ ಬಂದು ಬೀಳುತ್ತವೆ. ಅವರಿಗಾಗಿ ಮಿತಿ ಇಳಿಸಬೇಡಿ.

ಕ್ಲೈಂಟ್ ಕಡೆಯಿಂದಲೇ ಅಲರ್ಟ್ ಬಂದದ್ದು. ಓದಬೇಕಾದ ಬಗೆ ಇದೇ. ಅಲರ್ಟ್ 42 ಅಂದರೆ ಸರ್ಟಿಫಿಕೇಟ್ ಕೆಟ್ಟಿದೆ, 45 ಅಂದರೆ ಅವಧಿ ಮುಗಿದಿದೆ, 46 ಅಂದರೆ ಸರ್ಟಿಫಿಕೇಟ್ ಒಪ್ಪಲಾಗದು, 48 ಅಂದರೆ ಕೊಟ್ಟವರು ಯಾರೋ ಗೊತ್ತಿಲ್ಲ. ಅಂದರೆ ಕ್ಲೈಂಟ್ ನಿಮ್ಮ ಸರ್ಟಿಫಿಕೇಟ್ ನೋಡಿ ಬೇಡ ಅಂದಿದೆ. ಒಂದೆರಡು ಬಂದರೆ ಯಾರದೋ ಕಂಪ್ಯೂಟರ್‌ನ ಗಡಿಯಾರ ತಪ್ಪಿರಬಹುದು. ಸರ್ಟಿಫಿಕೇಟ್ ಬದಲಿಸಿದ ಮರುಗಳಿಗೆಯೇ ಸಾಲುಗಟ್ಟಿ ಬಂದರೆ ತಪ್ಪು ನಿಮ್ಮ ಕಡೆ. ಇದಕ್ಕೆ ಅಲಾರಂ ಇಡಿ. ಹೆಸರುಗಳಿಂದ ಗಾಬರಿ ಬೇಡ: ಓಪನ್‌ಎಸ್‌ಎಸ್‌ಎಲ್ 46ನ್ನು ಎಸ್‌ಎಸ್‌ಎಲ್‌ವಿ3_ಅಲರ್ಟ್_ಸರ್ಟಿಫಿಕೇಟ್_ಅನ್‌ನೋನ್ ಎಂದು ತೋರಿಸುತ್ತದೆ. ಎಸ್‌ಎಸ್‌ಎಲ್ 3 ಯಾರೂ ಬಳಸಿಲ್ಲ, ಹೆಸರು ಆ ಕಾಲದ್ದು ಅಷ್ಟೇ.

48ಕ್ಕೆ ಸಾಮಾನ್ಯ ಕಾರಣ ನಡುವಿನ ಸರ್ಟಿಫಿಕೇಟ್ (ನಿಮ್ಮದನ್ನು ಕ್ಲೈಂಟ್ ನಂಬುವ ಮೂಲಕ್ಕೆ ಜೋಡಿಸುವುದು) ಬಿಟ್ಟುಹೋಗಿರುವುದು. ಪುಕ್ಕಟೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ತರಿಸಿದರೆ, ಅದನ್ನು ತಂದುಕೊಡುವ ಸರ್ಟ್‌ಬಾಟ್ ಪ್ರೋಗ್ರಾಂನ ಫೈಲ್‌ಗಳಲ್ಲಿ ಎರಡು ಇಲ್ಲಿ ಮುಖ್ಯ: ಬರೀ ನಿಮ್ಮ ಸರ್ಟಿಫಿಕೇಟ್ ಇರುವುದು, ಮತ್ತು ಫುಲ್‌ಚೈನ್. ಸರ್ವರ್‌ಗೆ ಕೊಡಬೇಕಾದ್ದು ಫುಲ್‌ಚೈನ್. ಮೊದಲನೆಯದನ್ನು ಕೊಟ್ಟರೂ ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ಪುಟ ತೆರೆಯಬಹುದು, ಏಕೆಂದರೆ ಬ್ರೌಸರ್ ಬಿಟ್ಟುಹೋದದ್ದನ್ನು ತಾನೇ ತರಿಸಿಕೊಳ್ಳುತ್ತದೆ. ಕರ್ಲ್ ಸೋಲುತ್ತದೆ, ಆಂಡ್ರಾಯ್ಡ್ ಆ್ಯಪ್ ಸೋಲುತ್ತದೆ. 'ನನ್ನ ಕಂಪ್ಯೂಟರ್‌ನಲ್ಲಿ ಬರುತ್ತಿದೆಯಲ್ಲ' ಅನ್ನುವ ವಾದ ಶುರುವಾಗುವುದು ಇಲ್ಲಿಂದ. ಓಪನ್‌ಎಸ್‌ಎಸ್‌ಎಲ್‌ನ ಎಸ್_ಕ್ಲೈಂಟ್ ಕಮಾಂಡ್‌ಗೆ ಕನೆಕ್ಟ್ ಮತ್ತು ಸರ್ವರ್‌ನೇಮ್ ಎರಡೂ ಕೊಟ್ಟು ಓಡಿಸಿ. ಕೊನೆಯಲ್ಲಿ ವೆರಿಫೈ ರಿಟರ್ನ್ ಕೋಡ್ 0 ಬರಬೇಕು. 21 ಬಂದರೆ ಸರಪಳಿ ಅರ್ಧ ಇದೆ ಎಂದು ಅನುಮಾನಿಸಿ.

ಹಂತ 5: ಹ್ಯಾಂಡ್‌ಶೇಕ್ ಮಧ್ಯೆ ಭಾರ ಹೇರಬೇಡಿ

ಒಂದೇ ಸರ್ವರ್‌ನಲ್ಲಿ ಹಲವು ಡೊಮೇನ್ ಇದ್ದರೆ, ಕ್ಲೈಂಟ್ ಕೇಳಿದ ಹೆಸರು ನೋಡಿ ಸರ್ಟಿಫಿಕೇಟ್ ಆರಿಸುವ ಎಸ್‌ಎನ್‌ಐ ಕಾಲ್‌ಬ್ಯಾಕ್ ಬರೆಯುತ್ತೀರಿ. ಅದರೊಳಗೆ ಡೇಟಾಬೇಸ್ ಕೇಳಬೇಡಿ. ಪೈಥಾನ್‌ನಲ್ಲಿ ಆ ಕಾಲ್‌ಬ್ಯಾಕ್ ಸಾಮಾನ್ಯ ಫಂಕ್ಷನ್, ಅಲ್ಲಿ ಅವೇಟ್ ಮಾಡಲಾಗದು. ಅಸಿಂಕ್‌ಐಒ ಸರ್ವರ್‌ನಲ್ಲಿ ಅದು ಅರ್ಧ ಸೆಕೆಂಡ್ ತೆಗೆದುಕೊಂಡರೆ ಇಡೀ ಲೂಪ್ ಅರ್ಧ ಸೆಕೆಂಡ್ ನಿಲ್ಲುತ್ತದೆ. ಕಾಂಟೆಕ್ಸ್ಟ್‌ಗಳನ್ನು ಮೊದಲೇ ಮಾಡಿ ಡಿಕ್ಷನರಿಯಲ್ಲಿ ಇಟ್ಟುಕೊಳ್ಳಿ.

ಸರ್ವರ್‌ಗೆ ಹ್ಯಾಂಡ್‌ಶೇಕ್‌ನಲ್ಲಿ ದುಬಾರಿ ಅಂದರೆ ಸಹಿ ಹಾಕುವುದು. 2048 ಬಿಟ್‌ನ ಆರ್‌ಎಸ್‌ಎ ಕೀಗಿಂತ ಪಿ-256ರ ಇಸಿಡಿಎಸ್‌ಎ ಕೀ ತುಂಬಾ ಹಗುರ. ನಂಬಬೇಡಿ, ನಿಮ್ಮ ಮಷೀನ್‌ನಲ್ಲೇ ಓಪನ್‌ಎಸ್‌ಎಸ್‌ಎಲ್‌ನ ಸ್ಪೀಡ್ ಕಮಾಂಡ್ ಓಡಿಸಿ ಎರಡನ್ನೂ ಹೋಲಿಸಿ. ಜೊತೆಗೆ ಏಕಕಾಲಕ್ಕೆ ನಡೆಯುವ ಹ್ಯಾಂಡ್‌ಶೇಕ್‌ಗಳಿಗೆ ಒಂದು ಸೆಮಾಫೋರ್ (ಒಟ್ಟಿಗೆ ಇಷ್ಟೇ ಎಂಬ ಮಿತಿ) ಇಡಿ. ಸರ್ವರ್ ರೀಸ್ಟಾರ್ಟ್ ಆದಾಗ ಎಲ್ಲ ಕ್ಲೈಂಟ್‌ಗಳೂ ಒಟ್ಟಿಗೆ ನುಗ್ಗುತ್ತವೆ. ಆಗ ಒಳಗಿದ್ದವರ ಕೆಲಸಕ್ಕೂ ಸಿಪಿಯು ಉಳಿಯಬೇಕಲ್ಲ.

ಕ್ಲೈಂಟ್‌ನಿಂದಲೂ ಸರ್ಟಿಫಿಕೇಟ್ ಕೇಳುವವರು ಒಂದು ವಿಷಯ ನೆನಪಿಡಿ. ಟಿಎಲ್‌ಎಸ್ 1.3ರಲ್ಲಿ ಕ್ಲೈಂಟ್ ತನ್ನ ಸರ್ಟಿಫಿಕೇಟ್ ಮತ್ತು ಫಿನಿಶ್ಡ್ ಒಟ್ಟಿಗೆ ಕಳಿಸುತ್ತದೆ. ಅದರ ಲೆಕ್ಕದಲ್ಲಿ ಹ್ಯಾಂಡ್‌ಶೇಕ್ ಆಗಿಹೋಯಿತು. ನೀವು ಆಮೇಲೆ ತಿರಸ್ಕರಿಸಿದರೆ ಅವರಿಗೆ ಅದು ಗೊತ್ತಾಗುವುದು ಮೊದಲ ಓದಿನಲ್ಲಿ. 'ಕನೆಕ್ಟ್ ಆಯಿತು, ಆದರೆ ಓದುವಾಗ ಕಡಿಯಿತು' ಎಂಬ ದೂರು ಬಂದರೆ ನೆಟ್‌ವರ್ಕ್ ಬೈಯುವ ಮುಂಚೆ ಅವರ ಸರ್ಟಿಫಿಕೇಟ್ ನೋಡಿ.

ಮೇಲ್ ಸರ್ವರ್‌ಗಳಂತೆ ಬರಿ ಮಾತಿನಿಂದ ಶುರುಮಾಡಿ ಸ್ಟಾರ್ಟ್‌ಟಿಎಲ್‌ಎಸ್ ಮೂಲಕ ನಡುವೆ ಟಿಎಲ್‌ಎಸ್‌ಗೆ ಏರುವುದಾದರೆ, ಏರುವ ಮುಂಚೆ ನಿಮ್ಮ ಓದುವ ಬಫರ್‌ನಲ್ಲಿ ಉಳಿದದ್ದನ್ನು ಎಸೆದುಬಿಡಿ. 2011ರಲ್ಲಿ ಪೋಸ್ಟ್‌ಫಿಕ್ಸ್‌ನಲ್ಲಿ ಸಿಕ್ಕ ದೋಷ ಇದೇ. ನಡುವೆ ಕೂತವರು ಬರಿ ಮಾತಿನಲ್ಲಿ ತುರುಕಿದ ಕಮಾಂಡ್, ಟಿಎಲ್‌ಎಸ್ ಒಳಗೆ ಬಂದದ್ದು ಎಂಬಂತೆ ನಡೆದುಬಿಡುತ್ತಿತ್ತು.

ಹಂತ 6: ಸರ್ವರ್ ನಿಲ್ಲಿಸದೆ ಸರ್ಟಿಫಿಕೇಟ್ ಬದಲಿಸಿ

ಲೆಟ್ಸ್ ಎನ್‌ಕ್ರಿಪ್ಟ್ ಕೊಡುವ ಸಾಮಾನ್ಯ ಸರ್ಟಿಫಿಕೇಟ್ 90 ದಿನದ್ದು. ಉಳಿದವರದ್ದೂ ಕಿರಿದಾಗುತ್ತಿದೆ. ಸರ್ಟಿಫಿಕೇಟ್ ಕೊಡುವವರು ಮತ್ತು ಬ್ರೌಸರ್ ಕಂಪನಿಗಳು ಸೇರಿದ ಸಿಎ/ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ಒಪ್ಪಿದ ಪ್ರಕಾರ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರಲ್ಲಿ 100, 2029ರ ಮಾರ್ಚ್ 15ರಿಂದ 47. ವರ್ಷಕ್ಕೊಮ್ಮೆ ರಾತ್ರಿ ಕೂತು ಕೈಯಲ್ಲಿ ಬದಲಿಸುವ ಕಾಲ ಹೋಯಿತು.

ಪೈಥಾನ್‌ನಲ್ಲಿ ಓಡುತ್ತಿರುವ ಕಾಂಟೆಕ್ಸ್ಟ್ ಮೇಲೇ ಲೋಡ್_ಸರ್ಟ್_ಚೈನ್ ಮತ್ತೆ ಕರೆಯಬಹುದು, ಮುಂದಿನ ಹ್ಯಾಂಡ್‌ಶೇಕ್‌ಗಳಿಗೆ ಹೊಸದು ಸಿಗುತ್ತದೆ. ನಾನು ಮಾತ್ರ ನೇರವಾಗಿ ಹಾಗೆ ಮಾಡುವುದಿಲ್ಲ. ಮೊದಲು ಒಂದು ಬೇರೆ ಕಾಂಟೆಕ್ಸ್ಟ್ ಮಾಡಿ ಅದಕ್ಕೆ ಹೊಸ ಫೈಲ್‌ಗಳನ್ನು ಲೋಡ್ ಮಾಡಿ ನೋಡುತ್ತೇನೆ. ಕೀ ಮತ್ತು ಸರ್ಟಿಫಿಕೇಟ್ ಜೋಡಿ ಹೊಂದದಿದ್ದರೆ ಅಲ್ಲೇ ಎರರ್ ಬರುತ್ತದೆ, ಓಡುತ್ತಿರುವುದಕ್ಕೆ ಏನೂ ಆಗುವುದಿಲ್ಲ. ಸರಿಯಿದ್ದರೆ ನಿಜವಾದದ್ದಕ್ಕೆ ಲೋಡ್ ಮಾಡುವುದು. ಇದನ್ನು ಸಿಗ್‌ಹಪ್ ಸಿಗ್ನಲ್‌ಗೆ ಜೋಡಿಸಿ, ಸರ್ಟ್‌ಬಾಟ್‌ನ ಡಿಪ್ಲಾಯ್ ಹುಕ್‌ನಿಂದ (ಹೊಸ ಸರ್ಟಿಫಿಕೇಟ್ ಬಂದಾಗ ಓಡುವ ಕಮಾಂಡ್) ಆ ಸಿಗ್ನಲ್ ಕಳಿಸಿ. ಗೋದಲ್ಲಿ ಗೆಟ್‌ಸರ್ಟಿಫಿಕೇಟ್ ಫಂಕ್ಷನ್ ಕೊಟ್ಟರೆ ಪ್ರತಿ ಹ್ಯಾಂಡ್‌ಶೇಕ್‌ಗೂ ಅದನ್ನೇ ಕೇಳುತ್ತದೆ, ಅಲ್ಲಿ ಈಗಿನದನ್ನು ವಾಪಸ್ ಕೊಟ್ಟರಾಯಿತು.

ಆಗಲೇ ತೆರೆದಿರುವ ಕನೆಕ್ಷನ್‌ಗಳು ಹಳೇ ಹ್ಯಾಂಡ್‌ಶೇಕ್ ಮೇಲೇ ಮುಂದುವರಿಯುತ್ತವೆ, ಅವನ್ನು ಕಡಿಯುವ ಅಗತ್ಯವಿಲ್ಲ. ಬದಲಾದದ್ದು ನಿಜವೇ ಎಂದು ತಿಳಿಯಲು ಡಿಸ್ಕ್‌ನಲ್ಲಿರುವ ಫೈಲ್‌ನ ದಿನಾಂಕ ನೋಡಬೇಡಿ. ಹೊರಗಿನ ಇನ್ನೊಂದು ಮಷೀನ್‌ನಿಂದ ಎಸ್_ಕ್ಲೈಂಟ್ ಹಾಕಿ, ಸರ್ವರ್ ಈಗ ಕೊಡುತ್ತಿರುವ ಸರ್ಟಿಫಿಕೇಟ್‌ನ ಕೊನೆಯ ದಿನಾಂಕ ಓದಿ. ಲೋಡ್ ಬ್ಯಾಲೆನ್ಸರ್ ಹಿಂದೆ ನಾಲ್ಕು ಸರ್ವರ್ ಇದ್ದರೆ ನಾಲ್ಕರ ಐಪಿಗೂ ಬೇರೆ ಬೇರೆಯಾಗಿ ಕನೆಕ್ಟ್ ಆಗಿ ನೋಡಿ, ಸರ್ವರ್‌ನೇಮ್ ಮಾತ್ರ ಪ್ರತಿ ಸಲ ಡೊಮೇನ್ ಹೆಸರೇ ಇರಲಿ.